ಮೂರಲಗಿನ ಅಂಬನ್ನು ಮಸೆಯುವ ಬಗೆ



ಈ ಸಂಜೆ ನಾವು ತಮ್ಮ ಮುಂದಿಡಬೇಕೆಂದಿರುವ ವಿಷಯವು ನಗರವಾಸಿಗಳಾದ ತಮಗೆ ತುಸು ವಿಚಿತ್ರವಾಗಿ ತೋರಬಹುದು. ಅಡಿಗೆಮನೆಯ ಈಳಿಗೆ ಮೊಂಡಾದರೆ ಸಾಣೆಯವನು ಬೀದಿಗೆ ಬರುವವರೆಗೆ ಕಾದು ಕುಳಿತಿರುವ ನಮ್ಮಂಥವರು, ಬೇಟೆಯ ಅಂಬಿನ ಅಲಗನ್ನು ಮಸೆಯುವ ವಿದ್ಯೆಯನ್ನು ಕುರಿತು ಮಾತನಾಡಹೊರಡುವುದೇಕೆ ಎಂದು ತಾವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ನಾವು ಬೇಟೆಗಾರರಲ್ಲ, ಈ ವಯಸ್ಸಿನಲ್ಲಿ ಬೇಟೆಗಾರರಾಗುವ ಹಂಬಲವೂ ನಮಗಿಲ್ಲ. ಇದಲ್ಲದೆ 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಶಾಸನವು ನಮ್ಮ ದೇಶದಲ್ಲಿ ಕಾಡುಮೃಗಗಳ ಬೇಟೆಯನ್ನು ನಿಷೇಧಿಸಿರುವುದೆಂಬುದು ತಮಗೆಲ್ಲ ತಿಳಿದೇ ಇದೆ. ಕಲಬುರಗಿಯ ಸೀಮೆಯ ಹೊಲಗಳಲ್ಲಿ ನೆಗೆದಾಡುವ ಚಿಗರಿಯು ಆ ಶಾಸನದ ಮೊದಲನೆಯ ಅನುಸೂಚಿಯಲ್ಲಿಯೇ ಸೇರಿದೆ. ಬೆಳೆಯನ್ನು ಮೇದುಹೋಯಿತೆಂದು ರೈತನು ಎಷ್ಟು ನೊಂದುಕೊಂಡರೂ ಅದರ ಮೇಲೆ ಕೈಮಾಡುವ ಹಾಗಿಲ್ಲ. ಆದುದರಿಂದ ಈ ಮಾತುಗಳನ್ನು ಕೇಳಿ ಯಾರೂ ಬಿಲ್ಲು ಹಿಡಿದು ಹೊರಡತಕ್ಕದ್ದಲ್ಲವೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ಹಾಗಿದ್ದರೆ ಈ ಪ್ರಸ್ತಾಪ ಬಂದುದು ಹೇಗೆ? ನಮ್ಮ ಸೋದರಳಿಯನೊಬ್ಬನು ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಉದ್ಯೋಗದಲ್ಲಿದ್ದಾನೆ. ಆ ಸಂಸ್ಥಾನದಲ್ಲಿ 1934ರಷ್ಟು ಹಿಂದೆಯೇ ಬಿಲ್ಲಿನಿಂದ ಜಿಂಕೆಯನ್ನು ಬೇಟೆಯಾಡುವುದಕ್ಕೆಂದು ಪ್ರತ್ಯೇಕವಾದ ಋತುವನ್ನು ಗೊತ್ತುಮಾಡಿದರು. ಪರವಾನಗಿ ಪಡೆದವರು ಶರತ್ಕಾಲದಲ್ಲಿ ಬಿಳಿಬಾಲದ ಜಿಂಕೆಯನ್ನು ಬೇಟೆಯಾಡುವುದು ಅಲ್ಲಿ ಶಾಸನಸಮ್ಮತವಾದುದು. ನೆರೆಹೊರೆಯವರ ಸಹವಾಸದಿಂದ ನಮ್ಮ ಅಳಿಯನೂ ಬಿಲ್ಲು ಹಿಡಿದನು. ಒಂದು ಬೆಳಗ್ಗೆ ಅವನು ಬಿಟ್ಟ ಅಂಬು ಜಿಂಕೆಗೆ ತಗುಲಿತು, ಜಿಂಕೆ ಓಡಿತು. ಕತ್ತಲಾಗುವವರೆಗೆ ಹುಡುಕಿದರೂ, ಮರುದಿನ ಮತ್ತೆ ಹುಡುಕಿದರೂ ಅದು ಸಿಕ್ಕಲಿಲ್ಲ. ಅಂಬು ಮಾತ್ರ ಸಿಕ್ಕಿತು. ಜೊತೆಗಿದ್ದ ಹಿರಿಯ ಬೇಟೆಗಾರನೊಬ್ಬನು ಆ ಅಂಬಿನ ಅಲಗನ್ನು ಉಗುರಿನ ಮೇಲೆ ಎಳೆದು ನೋಡಿ, ಏನೂ ಮಾತನಾಡದೆ ಅಳಿಯನ ಕೈಗೆ ಕೊಟ್ಟನಂತೆ. ಅಂಗಡಿಯಿಂದ ತಂದ ಅಲಗು ಹೊಸದಲ್ಲವೆ, ಹರಿತವಾಗಿಯೇ ಇದ್ದೀತೆಂದು ನಂಬಿ, ಅಳಿಯನು ಅದನ್ನು ಮಸೆದಿರಲೇ ಇಲ್ಲ.

ರಜೆಯಲ್ಲಿ ಊರಿಗೆ ಬಂದಾಗ ಅವನು ಆ ಅಲಗನ್ನು ತನ್ನ ಸಾಮಾನಿನಲ್ಲಿ ತಂದಿದ್ದನು. "ಮಾಮಾ, ಆ ಜಿಂಕೀದು ಮನಸ್ಸಿನಿಂದ ಹೋಗವಲ್ದು" ಎಂದು ಒಂದು ರಾತ್ರಿ ಊಟವಾದ ಮೇಲೆ ನಮ್ಮೆದುರು ಅದನ್ನು ಇಟ್ಟನು. ಬೇಟೆಯು ಸರಿಯೋ ತಪ್ಪೋ ಎಂದು ವಾದಿಸುವ ಹೊತ್ತು ಅದಾಗಿರಲಿಲ್ಲ. ಆ ವಸ್ತುವನ್ನು ಕೈಗೆ ತೆಗೆದುಕೊಂಡು ನೋಡಿದೆವು.

ಅದರ ಆಕಾರವನ್ನು ತಾವು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ನಡುವೆ ಒಂದು ಸಣ್ಣ ಕೊಳವೆ. ಅಂಬಿನ ಕಡ್ಡಿಯನ್ನು ಅದರೊಳಗೆ ಸಿಕ್ಕಿಸುವುದು. ಆ ಕೊಳವೆಯಿಂದ ಮೂರು ಅಲಗುಗಳು ಮೂರು ದಿಕ್ಕಿಗೆ ಎದ್ದಿರುವುವು. ಮುಂದಕ್ಕೆ ಹೋಗುತ್ತ ಅವು ಕಿರಿದಾಗಿ ಒಂದೇ ಮೊನೆಯಲ್ಲಿ ಕೂಡುವುವು. ಹಿಂಬದಿಯಿಂದ ನೋಡಿದರೆ ಮೂರು ಎಸಳಿನ ಹೂವಿನಂತೆ ಕಾಣುವುದು. ಈ ಆಕಾರವು ಇಂದಿನವರ ಹೊಸ ಕಲ್ಪನೆಯೆಂದು ತಿಳಿಯಬಾರದು. ಕ್ರಿಸ್ತಪೂರ್ವ ಕಾಲದಲ್ಲಿಯೇ ಮಧ್ಯ ಏಷ್ಯದ ಹುಲ್ಲುಗಾವಲುಗಳಲ್ಲಿ ಕುದುರೆಯೇರಿ ಅಲೆಯುತ್ತಿದ್ದ ಶಕರು ಕಂಚಿನ ಮೂರಲಗಿನ ಅಂಬುಗಳನ್ನು ಎರಕ ಹೊಯ್ಯುತ್ತಿದ್ದರು. ತಕ್ಷಶಿಲೆಯ ಅಗೆತದಲ್ಲಿಯೂ ಈ ಬಗೆಯವು ದೊರೆತಿವೆ. ನಮ್ಮ ಪುರಾಣೇತಿಹಾಸಗಳಲ್ಲಿ ಬರುವ ಅರ್ಧಚಂದ್ರ, ಭಲ್ಲ, ವತ್ಸದಂತ, ಕ್ಷುರಪ್ರ ಎಂಬ ಹೆಸರುಗಳು ಅಂಬಿನ ತಲೆಯ ಆಕಾರಭೇದಗಳನ್ನೇ ಸೂಚಿಸುವುವು. ಇವುಗಳಲ್ಲಿ ಕ್ಷುರಪ್ರವೆಂಬುದು ಕ್ಷೌರದ ಕತ್ತಿಯಂತೆ ಬಾಯುಳ್ಳ ಅಂಬು. ಅಂಬೆಂದರೆ ಬರಿದೆ ಚುಚ್ಚುವ ಮೊನೆಯಲ್ಲ, ಕೊಯ್ಯುವ ಬಾಯಿಯೂ ಹೌದೆಂಬುದು ಹಿಂದಿನವರಿಗೆ ಚೆನ್ನಾಗಿ ತಿಳಿದಿದ್ದಿತು.

ಇಲ್ಲಿಯೇ ನಮ್ಮ ವಿಷಯದ ತಿರುಳಿರುವುದು. ಗುಂಡಿನೇಟಿನಲ್ಲಿ ರಭಸವೇ ಕೆಲಸ ಮಾಡುವುದು. ಅಂಬಿಗೆ ಅಷ್ಟು ರಭಸವಿಲ್ಲ. ಅದು ರಕ್ತನಾಳಗಳನ್ನು ಕೊಯ್ದು ಪ್ರಾಣ ತೆಗೆಯುವುದು. ಹರಿತವಾದ ಬಾಯಿ ನಾಳವನ್ನು ನಯವಾಗಿ ಕತ್ತರಿಸಿದರೆ ರಕ್ತವು ತಡೆಯಿಲ್ಲದೆ ಹರಿದು, ಪ್ರಾಣಿಯು ಸ್ವಲ್ಪ ಕಾಲದಲ್ಲಿಯೇ ಎಚ್ಚರ ತಪ್ಪಿ ಬೀಳುವುದು. ಮೊಂಡು ಬಾಯಿಯಾದರೋ, ಮೆತ್ತಗಿರುವ ನಾಳವನ್ನು ಪಕ್ಕಕ್ಕೆ ತಳ್ಳಿಬಿಡುವುದು, ಇಲ್ಲವೆ ಜಜ್ಜಿ ಹರಿಯುವುದು. ಜಜ್ಜಿದ ನಾಳವು ಮುದುಡಿಕೊಳ್ಳುವುದು; ರಕ್ತವು ಬೇಗನೆ ಹೆಪ್ಪುಗಟ್ಟುವುದು. ಕ್ಷೌರದ ಕತ್ತಿ ತಗುಲಿದ ಗಾಯ ಬಹಳ ಹೊತ್ತು ಸೋರುವುದನ್ನೂ, ಕಲ್ಲೆಡವಿದ ಗಾಯ ಬೇಗನೆ ಕಟ್ಟಿಕೊಳ್ಳುವುದನ್ನೂ ತಾವೇ ಬಲ್ಲಿರಿ. ಹೀಗೆ ಮೊಂಡು ಅಂಬು ತಗುಲಿದ ಪ್ರಾಣಿ ಸಾಯುವುದೂ ಇಲ್ಲ, ನೆಟ್ಟಗೆ ಬದುಕುವುದೂ ಇಲ್ಲ. ಕಾಡಿನೊಳಗೆ ಎಲ್ಲಿಯೋ ದಿನಗಟ್ಟಲೆ ನರಳುವುದು. ಅಳಿಯನ ಮನಸ್ಸನ್ನು ಕೊರೆಯುತ್ತಿದ್ದುದು ಇದೇ.

ಮೂರಲಗಿನ ಅಂಬು ತೆರೆದ ಗಾಯವು ಎರಡಲಗಿನ ಗಾಯದಂತೆ ಸುಲಭವಾಗಿ ತುಟಿ ಮುಚ್ಚಿಕೊಳ್ಳದೆಂಬುದು ಅದರ ಗುಣ. ಒಳಹೊಗುವಾಗ ಹೆಚ್ಚು ತಡೆಯನ್ನು ಎದುರಿಸಬೇಕೆಂಬುದು ಅದರ ದೋಷ. ಆದುದರಿಂದ ಅದರ ಬಾಯಿ ಹರಿತವಾಗಿರಲೇಬೇಕು. ಅಮೆರಿಕದ ಹಲವು ಸಂಸ್ಥಾನಗಳ ಕಾನೂನಿನಲ್ಲಿ ಅಲಗಿನ ಅಗಲ 7/8 ಅಂಗುಲಕ್ಕೆ ಕಡಮೆಯಿರಬಾರದೆಂದು ವಿಧಿಸಿದ್ದಾರೆ. ಅಗಲವನ್ನು ಅಳತೆಗೋಲಿನಿಂದ ಅಳೆಯಬಹುದು. ಹರಿತಕ್ಕೆ ಅಂತಹ ಅಳತೆಗೋಲಿಲ್ಲ. ಅದು ಅಂಬನ್ನು ಬಿಡುವವನ ಮನಸ್ಸಾಕ್ಷಿಗೆ ಸೇರಿದುದು.

ಇನ್ನು ನಮ್ಮ ಮೂರ್ಖತನದ ಕಥೆಯನ್ನು ಹೇಳುವೆವು. ಮರುದಿನ ಬೆಳಗ್ಗೆ ಕಲಬುರಗಿಯ ನಮ್ಮ ಮನೆಯ ಹಿತ್ತಲಲ್ಲಿ, ತಲೆತಲಾಂತರದಿಂದ ಬಂದ ಮಸೆಗಲ್ಲಿನ ಮೇಲೆ, ಆ ಅಲಗನ್ನು ಒಂದು ಗಂಟೆಯ ಕಾಲ ಉಜ್ಜಿದೆವು. ಅಲಗು ಥಳಥಳನೆ ಹೊಳೆಯಿತು. ನಾವು ಹೆಮ್ಮೆಯಿಂದ ಒಂದು ಕಾಗದದ ಮೇಲೆ ಎಳೆದು ನೋಡಿದರೆ, ಮೊನೆಯ ಹತ್ತಿರ ಕಾಗದ ಕತ್ತರಿಸಿತು, ಮಧ್ಯಕ್ಕೆ ಬಂದಾಗ ಹರಿದು ಚಿಂದಿಯಾಯಿತು. ಕಾರಣ ನಮಗೆ ಹೊಳೆಯಲಿಲ್ಲ. ಕಮಲಾಪುರದಲ್ಲಿ ನಮಗೆ ಪರಿಚಯದ ವೃದ್ಧ ಕಮ್ಮಾರನೊಬ್ಬನಿದ್ದಾನೆ. ಅವನನ್ನೇ ಕೇಳೋಣವೆಂದು ಅಳಿಯನೊಡನೆ ಹೊರಟೆವು.

ಕಮಲಾಪುರವು ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿದೆ. ಈಚೆಗೆ ತಾಲ್ಲೂಕಿನ ಕೇಂದ್ರವೂ ಆಗಿದೆ. ಅಲ್ಲಿಯ ಕೆಂಪು ಬಾಳೆಯ ಹಣ್ಣನ್ನು ಸವಿಯದವರು ತಮ್ಮಲ್ಲಿ ವಿರಳ. ಬೇರೆ ಬಾಳೆಗಳು ಹನ್ನೆರಡು ತಿಂಗಳಿಗೆ ಫಲಕ್ಕೆ ಬಂದರೆ, ಇದು ಹದಿನೆಂಟು ತಿಂಗಳು ಕಾಯಿಸುವುದು. ಹಾಗೆಂದೇ ಬೆಲೆಯೂ ಹೆಚ್ಚು. ಈ ಹಣ್ಣಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಅದೇ ದಾರಿಯಲ್ಲಿ ಮುಂದೆ ಸಾಗಿದರೆ ಚಾಲುಕ್ಯರ ಕಲ್ಯಾಣವನ್ನು ಸೇರಬಹುದು. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಗ್ರಂಥದಲ್ಲಿ ಅರಸರ ವಿನೋದಗಳನ್ನು ವಿವರಿಸುತ್ತ ಬೇಟೆಯನ್ನೂ ಶಸ್ತ್ರವಿದ್ಯೆಯನ್ನೂ ವಿಸ್ತಾರವಾಗಿ ವರ್ಣಿಸಿದ್ದಾನೆ. ಹೀಗೆ ಬಿಲ್ಲಿನ ಮಾತು ಈ ಸೀಮೆಗೆ ಹೊಸದಲ್ಲ. ಆದರೆ ಬಂದೂಕು ಬಂದ ಮೇಲೆ ಬಿಲ್ಲು ಹಿಂದೆ ಸರಿಯಿತು. 1705ರಲ್ಲಿ ಔರಂಗಜೇಬನು ಸುರಪುರದ ಬಳಿಯ ವಾಗಿನಗೇರಿಯನ್ನು ಮುತ್ತಿದಾಗ ಅವನನ್ನು ಎದುರಿಸಿದ ಬೇಡರು ಕೋವಿಯ ಗುರಿಗಾರರೆಂದೇ ಹೆಸರಾಗಿದ್ದರು. ಅಂಬು ಮಸೆಯುವ ವಿದ್ಯೆಯನ್ನು ಕೇಳಬೇಕಾದರೆ ಈಗ ಕುಡಗೋಲು ಮಸೆಯುವವರನ್ನೇ ಕೇಳಬೇಕಾಗಿದೆ.

ಕಮ್ಮಾರನು ಅಲಗನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದನು. "ಮಾಸ್ತರ್ರೇ, ಹೊಳಪು ಬ್ಯಾರೆ, ಹರಿತ ಬ್ಯಾರೆ. ಇಲ್ಲಿ ನಡುವ ಬೆಳ್ಳಗ ಗೆರಿ ಕಾಣಸ್ತದ ನೋಡ್ರಿ" ಎಂದನು. ನಿಜವಾಗಿಯೂ ಬಾಯಿಯ ನಡುಭಾಗದಲ್ಲಿ ಕೂದಲೆಳೆಯಷ್ಟು ಬಿಳಿಯ ಗೆರೆಯೊಂದು ಮಿನುಗುತ್ತಿದ್ದಿತು. ಹರಿತವಾದ ಬಾಯಿ ಕಣ್ಣಿಗೆ ಕಾಣಿಸದು; ಬೆಳಕು ಅದರ ಮೇಲೆ ನಿಲ್ಲುವಷ್ಟು ಸ್ಥಳವಿರುವುದಿಲ್ಲ. ಬೆಳಕು ನಿಂತಲ್ಲೆಲ್ಲ ಬಾಯಿ ಮೊಂಡು. ಅನಂತರ ಅವನು ಮೂರು ಬಾಯಿಗಳಿಗೂ ಮಸಿ ಬಳಿಸಿ, "ಮನ್ಯಾಗಿನ ಕಲ್ಲು ಹ್ಯಾಂಗದ?" ಎಂದು ಕೇಳಿದನು. ನಮ್ಮ ಮಸೆಗಲ್ಲು ಎರಡು ಮೂರು ತಲೆಮಾರಿನ ಕುಡಗೋಲುಗಳನ್ನು ಕಂಡು ಮಧ್ಯದಲ್ಲಿ ದೋಣಿಯಂತೆ ತಗ್ಗಾಗಿತ್ತು. ತಗ್ಗಾದ ಕಲ್ಲಿನ ಮೇಲೆ ನೆಟ್ಟಗಿನ ಅಲಗನ್ನಿಟ್ಟರೆ ಎರಡು ತುದಿಗಳು ಮಾತ್ರ ಕಲ್ಲನ್ನು ಮುಟ್ಟುವುವು. ನಡುವೆ ಸೋಂಕುವುದೇ ಇಲ್ಲ. ಒಂದು ಗಂಟೆಯ ಕಾಲ ನಾವು ಬಾಯಿಯ ಎರಡು ತುದಿಗಳನ್ನು ಸವೆಸಿದ್ದೆವು, ಅಷ್ಟೆ. ಬಾಗಿದ ಕುಡಗೋಲಿಗೆ ಒಗ್ಗಿದ ಕಲ್ಲು ನೆಟ್ಟಗಿನ ಅಲಗಿಗೆ ಒಗ್ಗಲಿಲ್ಲ.

ಇಲ್ಲಿ ಮೂರಲಗಿನ ಒಂದು ಸೊಬಗನ್ನು ತಮಗೆ ತಿಳಿಸಬೇಕು. ಈಳಿಗೆಯನ್ನಾಗಲಿ ಚೂರಿಯನ್ನಾಗಲಿ ಮಸೆಯುವವನಿಗೆ ಇರುವ ದೊಡ್ಡ ಕಷ್ಟವೆಂದರೆ ಕೋನವನ್ನು ಕಾಯ್ದುಕೊಳ್ಳುವುದು. ಕೈ ಒಮ್ಮೆ ಏರಿದರೆ ಬಾಯಿ ಮೊಂಡಾಗುವುದು, ಒಮ್ಮೆ ಇಳಿದರೆ ಅಲಗಿನ ಮೈಯೇ ಸವೆಯುವುದು. ಮೂರಲಗಿನ ಅಂಬಿನಲ್ಲಿ ಆ ಕಷ್ಟವಿಲ್ಲ. ಅಲಗುಗಳು ಒಂದಕ್ಕೊಂದು 120 ಅಂಶಗಳ ಅಂತರದಲ್ಲಿರುವುದರಿಂದ, ಅಂಬನ್ನು ಸಮತಲದ ಮೇಲೆ ಮಲಗಿಸಿದೊಡನೆ ಎರಡು ಬಾಯಿಗಳು ಏಕಕಾಲದಲ್ಲಿ ಅದನ್ನು ಮುಟ್ಟಿ ನೆಲೆಗೊಳ್ಳುವುವು. ಮೂರು ಬಾಯಿಗಳನ್ನೂ ಗೆರೆಯಿಂದ ಕೂಡಿಸಿದರೆ ಸಮಬಾಹು ತ್ರಿಕೋಣವಾಗುವುದಷ್ಟೆ? ಅದರ ಒಂದೊಂದು ಮೂಲೆ 60 ಅಂಶ. ಆ ಮೂಲೆಯನ್ನು ಅಲಗು ನಡುವೆ ಸೀಳುವುದರಿಂದ ಎರಡು ಪಕ್ಕಗಳಲ್ಲಿಯೂ 30 ಅಂಶಗಳ ಓರೆ ತಾನಾಗಿಯೇ ಏರ್ಪಡುವುದು. ಕೈಯ ನಡುಕಕ್ಕೆ ಇಲ್ಲಿ ಎಡೆಯಿಲ್ಲ. ರೇಖಾಗಣಿತವೇ ಮಸೆಯುವವನ ಕೈಹಿಡಿದು ನಡೆಸುವುದು. ಆದರೆ ಎರಡು ನಿಯಮಗಳಿವೆ. ಒಂದು, ಕೆಳಗಿನ ತಲ ನಿಜವಾಗಿಯೂ ಸಮವಾಗಿರಬೇಕು. ಎರಡು, ಅಲಗಿನ ಹರಹು ನಡುವಣ ಕೊಳವೆಗಿಂತ ಸಾಕಷ್ಟು ದೊಡ್ಡದಿರಬೇಕು. ಇಲ್ಲವಾದರೆ ಕೊಳವೆಯೇ ಕಲ್ಲಿಗೆ ತಾಗಿ ಬಾಯಿಗಳು ಮೇಲೆ ಉಳಿದುಬಿಡುವುವು.

ಸಮವಾದ ತಲವನ್ನು ಹುಡುಕಿಕೊಂಡು ಕಮ್ಮಾರನು ದೂರ ಹೋಗಲಿಲ್ಲ. ಅವನ ಸಾಲೆಯ ಮೂಲೆಯಲ್ಲಿ ನೆಲಕ್ಕೆ ಹಾಸಿ ಉಳಿದ ಶಹಾಬಾದದ ಪರಸಿಯ ತುಂಡೊಂದಿತ್ತು. ನಮ್ಮ ಜಿಲ್ಲೆಯ ಈ ಕಲ್ಲು ಸುಣ್ಣದ ಕಲ್ಲಾದುದರಿಂದ ಉಕ್ಕಿಗಿಂತ ಮೃದು. ತಾನಾಗಿ ಉಕ್ಕನ್ನು ಸವೆಸಲಾರದು. ಆದರೆ ನುಣುಪುಗೊಳಿಸಿದ ಪರಸಿಯು ಕನ್ನಡಿಯಂತೆ ಸಮವಾಗಿರುವುದು. ಅದನ್ನು ತೊಯಿಸಿ, ಮೇಲೆ ಎಮರಿ ಕಾಗದವನ್ನು ಅಂಟಿಕೊಳ್ಳುವಂತೆ ಹಾಸಿದರೆ, ಸವೆಸುವ ಕೆಲಸ ಕಾಗದದ್ದು, ಸಮವಾಗಿ ನಿಲ್ಲುವ ಕೆಲಸ ಕಲ್ಲಿನದು. ವಿದ್ಯುತ್ತಿನ ಸಾಣೆಯ ಚಕ್ರ ಪಕ್ಕದಲ್ಲಿಯೇ ಇತ್ತು. ಅದಕ್ಕೆ ಹಿಡಿದರೆ ಬೇಗನಾಗುವುದಲ್ಲವೆ ಎಂದು ಅಳಿಯನು ಕೇಳಿದನು. "ಬ್ಯಾಡ್ರಿ. ನೀಲಿ ತಿರಗತಂದ್ರ ಹದ ಹೋತು" ಎಂದು ಮುದುಕನು ತಲೆಯಾಡಿಸಿದನು. ತೆಳುವಾದ ಬಾಯಿ ಚಕ್ರದ ಉಜ್ಜಾಟಕ್ಕೆ ಕ್ಷಣದಲ್ಲಿ ಕಾಯುವುದು. ಶಾಖ ಸುಮಾರು 300 ಸೆಂಟಿಗ್ರೇಡಿಗೆ ಏರಿದರೆ ಉಕ್ಕಿನ ಮೇಲೆ ನೀಲಿಯ ಬಣ್ಣ ಮೂಡುವುದು, ಗಡಸುತನ ಇಳಿಯುವುದು. ಅಂತಹ ಬಾಯಿಯನ್ನು ಎಷ್ಟು ಮಸೆದರೂ ಹರಿತವು ನಿಲ್ಲದು.

ಈಗ ಕ್ರಮವನ್ನು ಹೇಳುವೆವು. ಅಲಗನ್ನು ಅಂಬಿನ ಕಡ್ಡಿಗೆ ಭದ್ರವಾಗಿ ಸಿಕ್ಕಿಸಿ, ಮೊನೆಯನ್ನು ನಮ್ಮಿಂದ ಆಚೆಗೆ ಮಾಡಿ, ಎರಡು ಬಾಯಿಗಳು ಉದ್ದಕ್ಕೂ ಕಾಗದವನ್ನು ಮುಟ್ಟುವಂತೆ ಮಲಗಿಸಬೇಕು. ಬೆರಳಿನಿಂದ ಹಗುರವಾಗಿ ಒತ್ತಿ ನಮ್ಮ ಕಡೆಗೆ ಎಳೆಯಬೇಕು. ಮುಂದಕ್ಕೆ ತಳ್ಳಿದರೆ ಬಾಯಿ ಕಾಗದವನ್ನೇ ಕೊಯ್ಯುವುದು. ಮೊದಲು 220ನೆಯ ನಂಬರಿನ ಒರಟು ಕಾಗದದ ಮೇಲೆ ಒಂದು ಮಗ್ಗುಲಿಗೆ ಹತ್ತು ಎಳೆತ; ಅಂಬನ್ನು ಹೊರಳಿಸಿ ಎರಡನೆಯ ಮಗ್ಗುಲಿಗೆ ಹತ್ತು; ಮೂರನೆಯದಕ್ಕೆ ಹತ್ತು. ಹೀಗೆ ಒಂದು ಸುತ್ತು ಮುಗಿದರೆ ಒಂದೊಂದು ಬಾಯಿಗೂ ಎರಡು ಪಕ್ಕಗಳಿಂದ ಇಪ್ಪತ್ತು ಎಳೆತಗಳು ಬಿದ್ದಿರುವುವು. ಎಣಿಕೆ ತಪ್ಪಬಾರದು. ಒಂದು ಮಗ್ಗುಲು ಹೆಚ್ಚು ಸವೆದರೆ ಅಂಬಿನ ತೂಕ ಒಂದು ಕಡೆಗೆ ವಾಲಿ, ಹಾರುವಾಗ ಅದು ಓಲಾಡುವುದು. ಬಳಿದ ಮಸಿಯು ಬುಡದಿಂದ ಮೊನೆಯವರೆಗೆ ಪೂರ್ತಿಯಾಗಿ ಅಳಿಸಿಹೋಗುವವರೆಗೆ ಈ ಸುತ್ತುಗಳು ನಡೆಯಬೇಕು. ಕಚ್ಚು ಬಿದ್ದ ಬಾಯಿಯಾದರೆ ಮಾತ್ರ ಮೊದಲು ಕಾನಸು ಹಾಕಬೇಕಾದೀತು.

ಆಗ ಬಾಯಿಯ ಅಂಚಿನಲ್ಲಿ ತೆಳ್ಳನೆಯ ಉಕ್ಕಿನ ಸಿಬಿರು ಏಳುವುದು. ಬೆರಳನ್ನು ಬಾಯಿಗೆ ಅಡ್ಡಲಾಗಿ ಹೊರಮುಖವಾಗಿ ಸವರಿದರೆ ತಡೆದಂತೆ ತಿಳಿಯುವುದು. ಅನುಭವವಿಲ್ಲದವರು ಮೋಸಹೋಗುವುದು ಇಲ್ಲಿಯೇ. ಸಿಬಿರು ಚುರುಕೆನ್ನುವುದರಿಂದ ಹರಿತವಾಯಿತೆಂದು ಭ್ರಮಿಸಿ ನಿಲ್ಲಿಸಿಬಿಡುವರು. ಆದರೆ ಸಿಬಿರು ಬಾಯಿಯಲ್ಲ. ಮೊದಲನೆಯ ತಾಕಿಗೇ ಮಡಚಿಕೊಂಡು ಒಳ್ಳೆಯ ಬಾಯಿಯನ್ನೂ ಮುಚ್ಚಿಬಿಡುವುದು. ಚೂರಿಯ ಬಾಯಿ 30, 40 ಅಂಶಗಳಷ್ಟು ತೆಳುವಾಗಿರುವುದರಿಂದ ಅದರಲ್ಲಿ ಅಲ್ಪ ದೋಷವಿದ್ದರೂ ನಡೆದೀತು. 60 ಅಂಶಗಳ ದಪ್ಪ ಬಾಯಿಯು ಹಾಗಲ್ಲ. ಅದು ಗಟ್ಟಿ ನಿಜ, ಆದರೆ ಕೊನೆಯ ಅಂಚು ಪರಿಶುದ್ಧವಾಗಿದ್ದರೆ ಮಾತ್ರ ಕೊಯ್ಯುವುದು. ಆದುದರಿಂದ 400ನೆಯ ಕಾಗದ, ಆಮೇಲೆ 1000ದ ಕಾಗದ. ಐದು ಎಳೆತ, ಮೂರು ಎಳೆತ, ಕೊನೆಗೆ ಒಂದೊಂದೇ ಎಳೆತ. ಒತ್ತಡವನ್ನು ಕಡಮೆ ಮಾಡುತ್ತ ಮಾಡುತ್ತ ಅಂಬಿನ ಭಾರವೊಂದೇ ಉಳಿಯುವಂತೆ ಮಾಡಬೇಕು. ಕಟ್ಟಕಡೆಗೆ ಕ್ಷೌರಿಕನ ಪಟ್ಟಿಯಂತಹ ಚರ್ಮವನ್ನು ಪರಸಿಯ ಮೇಲೆ ಹಾಸಿ ಅದರ ಮೇಲೆ ಎಳೆದರೆ ಸಿಬಿರಿನ ಶೇಷವೂ ಉದುರುವುದು.

ಪರೀಕ್ಷೆಗೆ ಹೆಬ್ಬೆರಳನ್ನು ಬಲಿಕೊಡಬೇಕಾಗಿಲ್ಲ. ಕಮ್ಮಾರನು ಹಿತ್ತಲಿನ ಬಾಳೆಯೆಲೆಯ ಒಂದು ತುಂಡನ್ನು ತಂದು ಜೋಲಾಡುವಂತೆ ಹಿಡಿದನು. ಬಾಳೆಯೆಲೆ ನರಗಳ ಗುಂಟ ತಾನಾಗಿಯೇ ಸೀಳುವುದು; ಅದು ಪರೀಕ್ಷೆಯಲ್ಲ. ನರಗಳಿಗೆ ಅಡ್ಡಲಾಗಿ ಎಳೆದಾಗ ಎಲೆ ಸುಕ್ಕಾಗದೆ ಸದ್ದಿಲ್ಲದೆ ಇಬ್ಭಾಗವಾದರೆ ಅದು ಹರಿತ. ಮೂರು ಬಾಯಿಗಳನ್ನೂ ಬುಡ, ನಡು, ಮೊನೆ ಎಂದು ಒಂಬತ್ತು ಕಡೆ ಪರೀಕ್ಷಿಸಿದನು. ಎಂಟು ಕಡೆ ಕೊಯ್ದಿತು. ಒಂದು ಕಡೆ ಎಲೆ ಮುದುಡಿತು. ಅಳಿಯನು "ಇಷ್ಟು ಸಾಕಲ್ರೀ ಕಾಕಾ" ಎಂದನು. ಮುದುಕನು ಅವನ ಮುಖವನ್ನೇ ನೋಡುತ್ತ, "ಆ ಪ್ರಾಣಿಗಿ ಯಾವ ಬಾಯಿ ತಾಗತದಂತ ನಿನಗೇನ್ ಗೊತ್ತು?" ಎಂದನು. ಅಳಿಯನು ಮತ್ತೆ ಪರಸಿಯ ಮುಂದೆ ಕುಳಿತನು.

ಬಾಳೆಯ ಮಾತು ಬಂದುದರಿಂದ ಇನ್ನೊಂದು ಸಂಗತಿ ನೆನಪಾಗುತ್ತದೆ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯ ಖಡ್ಗಲಕ್ಷಣದಲ್ಲಿ ಉಕ್ಕಿಗೆ ಹದ ಕೊಡುವ ಹಲವು ದ್ರವಗಳನ್ನು ಹೇಳುತ್ತಾನೆ. ಅವುಗಳಲ್ಲೊಂದು, ಬಾಳೆಯ ಕ್ಷಾರವನ್ನು ಮಜ್ಜಿಗೆಯಲ್ಲಿ ಕಲಸಿ ಒಂದು ದಿನ ಇಟ್ಟ ದ್ರವ. ಇದನ್ನು ಕುಡಿದ ಉಕ್ಕನ್ನು ಚೆನ್ನಾಗಿ ಮಸೆದರೆ ಅದು ಕಲ್ಲಿಗೆ ತಾಗಿದರೂ ಮುರಿಯದು, ಬೇರೆ ಲೋಹಕ್ಕೆ ತಾಗಿದರೂ ಮೊಂಡಾಗದು ಎಂಬುದು ಅವನ ಅಭಿಪ್ರಾಯ. ಕಾದ ಉಕ್ಕನ್ನು ನೀರಿಗದ್ದಿದಾಗ ಅದರ ಸುತ್ತ ಉಗಿಯ ಹೊದಿಕೆಯೊಂದು ಏರ್ಪಟ್ಟು ತಣಿಯುವುದನ್ನು ತಡೆಯುವುದು. ಕ್ಷಾರ, ಲವಣಗಳು ಕರಗಿದ ನೀರಿನಲ್ಲಿ ಆ ಹೊದಿಕೆ ಬೇಗನೆ ಒಡೆಯುವುದರಿಂದ ಉಕ್ಕು ಬೇಗ ತಣಿದು ಗಡುಸಾಗುವುದೆಂದು ಇಂದಿನ ಲೋಹಶಾಸ್ತ್ರವು ಹೇಳುತ್ತದೆ. ಬಾಳೆಯ ಬೂದಿಯಲ್ಲಿ ಇಂತಹ ಕ್ಷಾರ ಹೇರಳವಾಗಿದೆ. ಇಲ್ಲಿ ನಾವು ಗಮನಿಸಬೇಕಾದ ಪದ "ಚೆನ್ನಾಗಿ ಮಸೆದರೆ" ಎಂಬುದು. ಎಂತಹ ಹದ ಕೊಟ್ಟ ಉಕ್ಕಿಗೂ ಆಚಾರ್ಯನು ಆ ನಿಯಮವನ್ನು ಬಿಟ್ಟಿಲ್ಲ.

ಬೇರೊಂದು ದೇಶದ ಮಾತನ್ನೂ ಇಲ್ಲಿ ಸೇರಿಸಬಹುದು. 1911ರಲ್ಲಿ ಕ್ಯಾಲಿಫೋರ್ನಿಯದ ಕಾಡಿನಿಂದ ಯಾಹಿ ಎಂಬ ಜನಾಂಗದ ಕೊನೆಯವನಾದ ಇಷಿ ಎಂಬಾತನು ಹೊರಗೆ ಬಂದನು. ಅವನು ಗಾಜಿನ ಸೀಸೆಯ ಚೂರುಗಳಿಂದಲೂ ಅಂಬಿನ ಅಲಗುಗಳನ್ನು ಕೆತ್ತುತ್ತಿದ್ದನು. ಸ್ಯಾಕ್ಸ್‌ಟನ್ ಪೋಪ್ ಎಂಬ ವೈದ್ಯನು ಅವನಿಂದ ಬಿಲ್ವಿದ್ಯೆ ಕಲಿತು, 1923ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಆ ದೇಶದಲ್ಲಿ ಬಿಲ್ಲಿನ ಬೇಟೆ ಮತ್ತೆ ತಲೆಯೆತ್ತಲು ಆ ಗ್ರಂಥ ಬಹುಮಟ್ಟಿಗೆ ಕಾರಣವಾಯಿತು. 1916ರಲ್ಲಿ ಇಷಿ ತೀರಿಕೊಂಡನು. ಅವನ ಕೈಯ ವಿದ್ಯೆ ಮಾತ್ರ ಪರರ ಕೈಯಲ್ಲಿ ಉಳಿಯಿತು. ವಿದ್ಯೆಗಳು ಹೀಗೆ ಯಾರ ಕೈಯಿಂದಲೋ ಯಾರ ಕೈಗೋ ದಾಟುವುವು. ಕಮಲಾಪುರದ ಕುಡಗೋಲಿನ ಕಮ್ಮಾರನಿಂದ ವಿಸ್ಕಾನ್ಸಿನ್ನಿನ ಕಾಡಿಗೂ ದಾಟಬಹುದು.

ಸಂಜೆ ಕಲಬುರಗಿಗೆ ಹಿಂದಿರುಗುವಾಗ ಅಳಿಯನು ಅಲಗನ್ನು ತೊಗಲಿನ ತುಂಡಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದನು. ಬಹಳ ದೂರ ಮಾತಿಲ್ಲದೆ ಬಂದನು. ಆಮೇಲೆ, "ಮಾಮಾ, ಇನ್ನ ನಾ ಬ್ಯಾಟಿಗಿ ಹೋಗಲೋ ಬ್ಯಾಡೋ?" ಎಂದು ಕೇಳಿದನು. ಅದು ನಾವು ಉತ್ತರ ಕೊಡಬೇಕಾದ ಪ್ರಶ್ನೆಯಲ್ಲ. ಒಂಬತ್ತೂ ಕಡೆ ಎಲೆ ಕೊಯ್ಯದ ಹೊರತು ಮನೆಯಿಂದ ಹೊರಡಬೇಡವೆಂದು ಮಾತ್ರ ಹೇಳಿದೆವು. ಅವನು ತಲೆದೂಗಿದನು. ಕಳೆದ ಋತುವಿನಲ್ಲಿ ಅವನು ಕಾಡಿಗೆ ಹೋಗಲಿಲ್ಲವಂತೆ. ಆದರೆ ಆ ಹಿರಿಯ ಬೇಟೆಗಾರನ ಮನೆಯಲ್ಲಿ ಕುಳಿತು ನಾಲ್ಕಾರು ಜನರ ಅಂಬುಗಳನ್ನು ಮಸೆದುಕೊಟ್ಟನೆಂದು ದೂರವಾಣಿಯಲ್ಲಿ ತಿಳಿಸಿದನು.

ನಮ್ಮ ಹಿತ್ತಲಿನ ಮಸೆಗಲ್ಲನ್ನು ನಾವು ಎಸೆಯಲಿಲ್ಲ. ಕುಡಗೋಲಿಗೆ ಅದು ಈಗಲೂ ಒದಗುತ್ತದೆ. ಅದರ ಪಕ್ಕದಲ್ಲಿ ಈಗ ಶಹಾಬಾದದ ಪರಸಿಯ ಒಂದು ತುಂಡೂ ಇದೆ. ತಮ್ಮ ಮನೆಯ ಚೂರಿಯನ್ನು ಈ ರಾತ್ರಿ ಒಮ್ಮೆ ದೀಪಕ್ಕೆ ಹಿಡಿದು ನೋಡಿರಿ. ಬಿಳಿಯ ಗೆರೆ ಕಂಡರೆ ಏನು ಮಾಡಬೇಕೆಂಬುದು ತಮಗೀಗ ತಿಳಿದಿದೆ.